ಇಂಜಿನ್ನಿಗೆ ತೂಗಿದ ಬೀಗ

ಸಂಘದ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ ಓಡಿಸುತ್ತಿದ್ದವನನ್ನು ಊರಿನವರು ಕಿವಿಯಣ್ಣ ಎಂದು ಕರೆಯುತ್ತಿದ್ದರು. ಅವನ ಕಿವಿಗಳೇನೂ ದೊಡ್ಡವಲ್ಲ. ಎಡಗಿವಿಯಂತೂ ಅರ್ಧ ಮಂದ. ಇಂಜಿನ್ನಿನ ಪಕ್ಕದಲ್ಲಿ ಮೂವತ್ತು ವರ್ಷ ನಿಂತವನಿಗೆ ಅಷ್ಟಾದರೂ ಉಳಿದದ್ದೇ ಹೆಚ್ಚು. ಆದರೆ ಅವನು ಇಂಜಿನ್ನಿನ ಮೈಗೆ ಕಿವಿ ಆನಿಸಿದರೆ ಅದರ ಹೊಟ್ಟೆಯೊಳಗಿನ ನೋವೆಲ್ಲ ತಿಳಿಯುತ್ತದೆ, ಅವನು ಹೇಳಿದಂತೆ ಇಂಜಿನ್ ಕೇಳುತ್ತದೆ, ಸುತ್ತಲಿನ ಏಳು ಗಿರಣಿಗಳಲ್ಲಿ ಇಷ್ಟು ಸಮನಾಗಿ ಓಡುವ ಇಂಜಿನ್ ಇನ್ನೊಂದಿಲ್ಲ ಎಂದು ಜನ ಹೇಳುತ್ತಿದ್ದರು. ಇದರಲ್ಲಿ ಕೊನೆಯ ಮಾತು ಮಾತ್ರ ನಿಜ.

ಅದು ಎದೆಯೆತ್ತರದ ಎರಡು ಗಾಲಿಗಳ ಹಳೆಯ ಎಣ್ಣೆ ಇಂಜಿನ್. ಅದರ ಮಗ್ಗುಲಲ್ಲಿ ಗವರ್ನರ್ ಇತ್ತು. ಊರಿನವರ ಬಾಯಲ್ಲಿ ಅದು ‘ಗುಂಡು’. ನೆಟ್ಟಗೆ ನಿಂತ ಒಂದು ಕಂಬಿ, ಅದರ ನೆತ್ತಿಯಿಂದ ಇಳಿಬಿದ್ದ ಎರಡು ತೋಳು, ತೋಳಿನ ತುದಿಗೆ ಮುಷ್ಟಿಗಾತ್ರದ ಒಂದೊಂದು ಕಬ್ಬಿಣದ ಗುಂಡು. ಇಂಜಿನ್ ತಿರುಗಿದರೆ ಇವೂ ತಿರುಗುತ್ತವೆ. ಬೀಸುವ ಕಲ್ಲಿಗೆ ಕಾಳು ಕಡಿಮೆ ಬಿದ್ದರೆ ಇಂಜಿನ್ ಹೊರೆ ಇಳಿಸಿದ ಎತ್ತಿನಂತೆ ಓಟ ಕೀಳುತ್ತದೆ. ಓಟ ಹೆಚ್ಚಿದಷ್ಟೂ ಗುಂಡುಗಳು ಅಗಲಕ್ಕೆ ಸರಿದು ಮೇಲೇಳುತ್ತವೆ. ಅವು ಎದ್ದರೆ ಕೆಳಗಿನ ಉದ್ದನೆಯ ಸರಳು ಎಣ್ಣೆ ಹೋಗುವ ದಾರಿಯನ್ನು ಅಷ್ಟು ಮುಚ್ಚುತ್ತದೆ. ಕಾಳು ಹೆಚ್ಚು ಬಿದ್ದು ಇಂಜಿನ್ ಏದುಸಿರು ಬಿಟ್ಟರೆ ಗುಂಡುಗಳು ಇಳಿಯುತ್ತವೆ, ಎಣ್ಣೆಯ ದಾರಿ ತೆರೆಯುತ್ತದೆ. ಯಾರನ್ನೂ ಕೇಳಬೇಕಿಲ್ಲ, ಯಾರೂ ಹೇಳಬೇಕಿಲ್ಲ. ಸಂಘದ ಮಂಡಳಿಯಲ್ಲಿ ಹನ್ನೊಂದು ಜನರಿದ್ದರು. ಅವರು ಇಡೀ ವರ್ಷ ಕೂತು ಮಾಡುವಷ್ಟು ತೀರ್ಮಾನಗಳನ್ನು ಈ ಎರಡು ಗುಂಡುಗಳು ಒಂದು ಮೂಟೆ ಗೋಧಿ ಬೀಸುವುದರೊಳಗೆ ಮಾಡಿ ಮುಗಿಸುತ್ತಿದ್ದವು.

ಆದರೆ ಸರಳಿನ ಕೀಲುಗಳು ಎಂದೋ ಸವೆದಿದ್ದವು. ಗುಂಡು ಎದ್ದ ಸುದ್ದಿ ಎಣ್ಣೆಯ ಬಾಯಿಗೆ ಮುಟ್ಟುವಾಗ ತಡವಾಗುತ್ತಿತ್ತು. ಅಷ್ಟರಲ್ಲಿ ಇಂಜಿನ್ ಹದ ಮೀರಿರುತ್ತಿತ್ತು. ತಡವಾದ ಗಾಬರಿಗೆ ಎಣ್ಣೆ ಪೂರ್ತಿ ಕಟ್ಟಿ, ಇಂಜಿನ್ನಿಗೆ ಉಸಿರುಗಟ್ಟಿ, ಮತ್ತೆ ಗಾಬರಿಗೆ ಪೂರ್ತಿ ಬಿಟ್ಟು, ದಡದಡದಡ, ಡುಗ್… ಡುಗ್…, ಮತ್ತೆ ದಡದಡದಡ. ಬೀಳುವ ಹಿಟ್ಟು ಒಂದು ಬೊಗಸೆ ನುಚ್ಚು, ಇನ್ನೊಂದು ಬೊಗಸೆ ಸುಟ್ಟ ವಾಸನೆಯ ಪುಡಿ.

ಇದು ಶುರುವಾದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಇಂಜಿನ್ ನಿಲ್ಲಿಸಿ ಕಿವಿಯಣ್ಣ ಮೂರು ದಿನ ಎಲ್ಲವನ್ನೂ ಬಿಚ್ಚಿದ, ಎಲ್ಲವನ್ನೂ ಜೋಡಿಸಿದ, ಏನೂ ತಿಳಿಯಲಿಲ್ಲ. ಅದೇ ವಾರ ಗಿರಣಿಯ ಉಗ್ರಾಣದ ಕೀಲಿಕೈ ಯಾರದೋ ಹಿಟ್ಟಿನ ಚೀಲದಲ್ಲಿ ಬಿದ್ದು ಕಳೆದುಹೋಗಿತ್ತು. ಊರಿನವರೆಲ್ಲ ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿದರೂ ಸಿಕ್ಕಿರಲಿಲ್ಲ. ಗಿರಣಿಯ ತಕ್ಕಡಿ ನೋಡಿಕೊಳ್ಳುತ್ತಿದ್ದವಳು ಕಿವಿಯಣ್ಣನ ಹೆಂಡತಿ. ಬಾಯಿ ತೆರೆದೇ ಉಳಿದ ಆ ಬೀಗವನ್ನು ಎಲ್ಲಿಡುವುದೆಂದು ತೋಚದೆ, ಕಸ ಗುಡಿಸುವಾಗ ಕೈ ಖಾಲಿ ಮಾಡಿಕೊಳ್ಳಲು, ಗುಂಡಿನ ಸರಳಿಗೆ ತೂಗುಹಾಕಿ ಹೋದಳು. ಕಿವಿಯಣ್ಣ ಅದನ್ನು ನೋಡದೆ ಇಂಜಿನ್ ಶುರುಮಾಡಿ, ಕೊನೆಯ ಆಸೆಯೆಂದು ಅದರ ಮೈಗೆ ಕಿವಿ ಕೊಟ್ಟು ನಿಂತ. ಬೀಗದ ಭಾರ ಕೀಲುಗಳ ಸಡಿಲವನ್ನೆಲ್ಲ ಒಂದು ಕಡೆಗೆ ಜಗ್ಗಿ ಹಿಡಿಯಿತು. ಇಂಜಿನ್ ಹಸುಗೂಸು ಮಲಗಿದಂತೆ ಒಂದೇ ಸಮನೆ ಉಸಿರಾಡತೊಡಗಿತು. ಬಾಗಿಲಲ್ಲಿ ನಿಂತಿದ್ದ ಏಳೆಂಟು ಜನ ಕಂಡದ್ದು ಕಿವಿ ಮತ್ತು ಇಂಜಿನ್. ಬೀಗ ಯಾರಿಗೂ ಕಾಣಲಿಲ್ಲ.

ಸಂಜೆ ಅವನಿಗೆ ಕಂಡಿತು. ಆ ಹೊತ್ತಿಗೆ ಹೆಸರು ಬಿದ್ದಾಗಿತ್ತು.

ಅಂದಿನಿಂದ ಬೀಗ ಅಲ್ಲಿಯೇ ಇತ್ತು. ಕಿವಿಯಣ್ಣ ಪ್ರತಿದಿನ ಬೆಳಿಗ್ಗೆ ಇಂಜಿನ್ನಿಗೆ ಕಿವಿ ಆನಿಸುತ್ತಿದ್ದ. ಹೆಂಡತಿ ತಕ್ಕಡಿಯ ಹಿಂದೆ ಕುಳಿತು ಅದನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಈ ವರ್ಷ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ. ಕೆಟ್ಟವನಲ್ಲ. ಆದರೆ ಕಣ್ಣಿಗೆ ಕಂಡದ್ದಕ್ಕಿಂತ ಪಟ್ಟಿಯಲ್ಲಿ ಕಂಡದ್ದನ್ನು ಹೆಚ್ಚು ನಂಬುವ ಜಾತಿಯ ಮನುಷ್ಯ. ಮೊದಲ ವಾರವೇ ಸಂಘದ ಸಾಮಾನುಗಳ ರಿಜಿಸ್ಟರ್ ಹಿಡಿದು ಗಿರಣಿಗೆ ಬಂದು ಒಂದೊಂದನ್ನೇ ಗುರುತುಹಾಕತೊಡಗಿದ. ಬೆಲ್ಟು ಮೂರು, ಇವೆ. ಜರಡಿ ಎರಡು, ಇವೆ. ಉಗ್ರಾಣದ ಬಾಗಿಲಿಗೆ ಬೀಗ ಒಂದು.

“ಬೀಗ ಎಲ್ಲಿ?”

ಕಾರ್ಯದರ್ಶಿ ಕೋಣೆಯನ್ನೆಲ್ಲ ಸುತ್ತಿ ಕೊನೆಗೆ ಇಂಜಿನ್ನಿನ ಮುಂದೆ ನಿಂತ.

“ಇದೇನ್ರೀ ಇದು? ಬಾಗಿಲಿನ ಬೀಗ ಇಲ್ಯಾಕೆ ನೇತಾಡ್ತಿದೆ?”

“ಅಲ್ಲೇ ಇರಲಿ ಸಾರ್,” ಎಂದ ಕಿವಿಯಣ್ಣ.

“ಯಾಕೆ?”

ಹಿಟ್ಟಿಗೆ ಬಂದ ಐದಾರು ಜನ ಸುತ್ತ ನಿಂತಿದ್ದರು. ತಕ್ಕಡಿಯ ಹಿಂದಿನಿಂದ ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು. ಒಂದೇ ಮಾತು ಹೇಳಿದ್ದರೆ ಸಾಕಿತ್ತು.

“ಸುಮ್ನೆ… ಅಭ್ಯಾಸ,” ಎಂದ.

“ಅಭ್ಯಾಸ ಅಂತೆ! ನಾಳೆ ಚಪ್ಪಲೀನೂ ನೇತುಹಾಕ್ತೀರಿ.”

ಜನ ನಕ್ಕರು. ಕಾರ್ಯದರ್ಶಿ ಬೀಗವನ್ನು ತೆಗೆದ, ಕರವಸ್ತ್ರದಿಂದ ಎಣ್ಣೆ ಒರೆಸಿದ. ಪಟ್ಟಿಯಲ್ಲಿ ಅದಕ್ಕೂ ಗುರುತುಹಾಕಿ, ರಿಜಿಸ್ಟರನ್ನು ಉಗ್ರಾಣದ ಮಾಡದಲ್ಲಿ ನೀಟಾಗಿ ಇಟ್ಟು, ಬಾಗಿಲು ಎಳೆದು, ಬಾಗಿಲಿನ ಸರಪಳಿಯನ್ನು ಚೌಕಟ್ಟಿನ ಕೊಂಡಿಗೆ ಸಿಕ್ಕಿಸಿ ಬೀಗ ಒತ್ತಿದ. ಟಕ್ ಎಂದಿತು. ಅಷ್ಟು ಹಳೆಯ ಬೀಗವಾದರೂ ಎಷ್ಟು ಚೆನ್ನಾಗಿ ಕೂತಿತೆಂದು ಅವನಿಗೇ ಹೆಮ್ಮೆಯಾಯಿತು.

“ಎಲ್ಲಿ, ಕೀಲಿಕೈ ಕೊಡಿ.”

“ಅದು ಯಾರದೋ ಹಿಟ್ಟಿನ ಜೊತೆ ಹೋಯ್ತು,” ಎಂದಳು ಹೆಂಡತಿ. “ನಿಮಗಾಗ ಇನ್ನೂ ಹಾಲುಹಲ್ಲು ಇದ್ದಿರಬೇಕು.”

ಕಾರ್ಯದರ್ಶಿ ಮುಚ್ಚಿದ ಬಾಗಿಲನ್ನು ಒಂದು ಸಲ ನೋಡಿದ. ರಿಜಿಸ್ಟರ್ ಒಳಗಿತ್ತು.

“ಇರಲಿ. ಬೀಗ ಅದರ ಜಾಗದಲ್ಲಿದೆಯಲ್ಲ, ಅದು ಮುಖ್ಯ,” ಎಂದು ಹೊರಟ. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ಕೋಣೆಯ ಗೋಡೆಯ ಮೇಲೆ ಒಂದು ಸೂಚನೆ ಅಂಟಿತು: ಇಂಜಿನ್ನಿನ ಮೇಲೆ ಯಾವುದೇ ಅನ್ಯ ವಸ್ತುವನ್ನು ಇಡತಕ್ಕದ್ದಲ್ಲ, ತೂಗತಕ್ಕದ್ದಲ್ಲ.

ಮರುದಿನ ಇಂಜಿನ್ನಿಗೆ ಹಳೆಯ ದಮ್ಮು ಮರುಕಳಿಸಿತು.

“ಏನೋ ಕಿವಿ, ನನ್ನ ಕಾಯಿಲೆ ನಿನ್ನ ಇಂಜಿನ್‌ಗೂ ಅಂಟಿತಾ?” ಎಂದು ಜೋಳ ತಂದ ಅಜ್ಜಿಯೊಬ್ಬಳು ಕೇಳಿದಳು. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದನ್ನ ಮೊಮ್ಮಕ್ಕಳಿಗೆ ಹಾಕಲೋ, ಕೋಳಿಗೆ ಹಾಕಲೋ?” ಎಂದಳು.

ಮಂಡಳಿ ಸೇರಿತು. ಎಣ್ಣೆಯಲ್ಲಿ ನೀರಿದೆ ಎಂದರು ಅಧ್ಯಕ್ಷರು. ಇಂಜಿನ್ ಕೂರಿಸಿದ ಕಟ್ಟೆ ಕುಸಿದಿದೆ ಎಂದ ಇನ್ನೊಬ್ಬ. ಈ ಸಲ ಜೋಳದಲ್ಲೇ ಏನೋ ಇದೆ ಎಂದ ಮತ್ತೊಬ್ಬ, ಅವನಿಗೆ ಜೋಳದ ಹೊಲವಿರಲಿಲ್ಲ. ಕಾರ್ಯದರ್ಶಿ ಎಲ್ಲರ ಮಾತನ್ನೂ ಬರೆದುಕೊಂಡು ಕೊನೆಗೆ ತಗ್ಗಿದ ದನಿಯಲ್ಲಿ, “ಇಂಜಿನ್ ಅಲ್ಲ ಸಾರ್, ಕಿವಿ ಹೋಗಿದೆ. ವಯಸ್ಸಾಯ್ತಲ್ಲ,” ಎಂದ. ಎಲ್ಲರಿಗೂ ಇದೇ ಸರಿ ಎನ್ನಿಸಿತು. ಯಾರೂ ಏನೂ ರಿಪೇರಿ ಮಾಡಬೇಕಾಗಿರಲಿಲ್ಲ.

ಮೇಲಿನ ಕಚೇರಿಗೆ ಪತ್ರ ಹೋಯಿತು. ಉತ್ತರ ಎಂದೂ ಇಲ್ಲದಷ್ಟು ಬೇಗ ಬಂತು. ಬರುವ ಗುರುವಾರ ಹತ್ತು ಗಂಟೆಗೆ ಸಾಹೇಬರು ಬರುತ್ತಾರೆ. ಅವರೆದುರು ಇಂಜಿನ್ ಒಂದು ಮೂಟೆ ಜೋಳವನ್ನು ಸಮನಾಗಿ ಬೀಸಿದರೆ ಉಳಿಯುತ್ತದೆ. ಇಲ್ಲವಾದರೆ ಹಗ್ಗ ಹಾಕಿ ಲಾರಿಗೇರಿಸಿ ಹಳೇ ಕಬ್ಬಿಣದವನಿಗೆ ಕೊಡುವುದು, ಕರೆಂಟಿನ ಮೋಟಾರು ಕೂರಿಸುವುದು. ಮೋಟಾರಿಗೆ ಇಂಜಿನ್ ಓಡಿಸುವವನು ಬೇಕಿಲ್ಲವೆಂಬುದನ್ನು ಯಾರೂ ಬರೆದಿರಲಿಲ್ಲ; ಬರೆಯಬೇಕಾಗಿಯೂ ಇರಲಿಲ್ಲ.

ಕಿವಿಯಣ್ಣ ಒಂದು ಕಲ್ಲನ್ನು ದಾರದಲ್ಲಿ ಕಟ್ಟಿ ಸರಳಿಗೆ ತೂಗಿದ. ಅದು ಗಡಿಯಾರದ ಲೋಲಕದಂತೆ ಓಲಾಡಿ ಕಂಬಿಗೆ ಬಡಿಯಿತು. ಎರಡನೆಯ ಕಲ್ಲು ಹುಡುಕುವಷ್ಟರಲ್ಲಿ ಕಾರ್ಯದರ್ಶಿ ಬಂದು ಗೋಡೆಯ ಸೂಚನೆಯ ಕಡೆ ಬೆರಳು ತೋರಿಸಿದ.

ಆ ಸಂಜೆ ಒಲೆಯ ಮುಂದೆ ಗಂಡಹೆಂಡತಿ ಕುಳಿತಿದ್ದರು. ಗಂಡ ಅನ್ನವನ್ನು ತಟ್ಟೆಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಿದ್ದ.

“ರೀ, ಹೇಳಿಬಿಡಿ,” ಎಂದಳು.

“ಏನಂತ ಹೇಳಲೇ? ಇಷ್ಟು ವರ್ಷ ಇಂಜಿನ್ ಓಡಿಸಿದ್ದು ನಾನಲ್ಲ, ನನ್ನ ಹೆಂಡತಿ ಮರೆತು ಹೋದ ಬೀಗ ಅಂತಲಾ?”

“ಮರೆತಿರಲಿಲ್ಲ. ಇಟ್ಟಿದ್ದೆ.”

“ಎಲ್ಲಾ ಒಂದೇ. ಊರಲ್ಲಿ ನನ್ನ ಹೆಸರು ಏನಾಗುತ್ತೆ ಯೋಚಿಸು.”

“ಸರಿ, ಹೆಸರು ಉಳಿಸ್ಕೊಳ್ಳಿ. ಇಂಜಿನ್ನು ಲಾರಿ ಹತ್ತಲಿ. ಆಮೇಲೆ ಆ ಕಿವೀನ ಎಲ್ಲಿಗೆ ಆನಿಸ್ತೀರಿ? ಈ ಹಂಡೆಗಾ?”

ಅವನು ಕೈ ತೊಳೆದು ಎದ್ದ. ಹೊಸ್ತಿಲ ಮೇಲೆ ತುಂಬ ಹೊತ್ತು ಕೂತಿದ್ದ. ಇಂಜಿನ್ನಿನ ಗಾಲಿಯ ಮೇಲೆ ಮೊದಲ ಸಲ ಕೈಯಿಟ್ಟದ್ದು, ಅದು ಒದ್ದು ಹ್ಯಾಂಡಲ್ ಬಡಿದು ಮುಂಗೈ ಮುರಿದದ್ದು, ಕಟ್ಟು ಬಿಚ್ಚಿದ ದಿನವೇ ಮತ್ತೆ ಅದನ್ನೇ ತಿರುಗಿಸಿದ್ದು ನೆನಪಾಯಿತು. ಲಾರಿಯ ಮೇಲೆ ಅದು ಕಾಲು ಕಟ್ಟಿದ ದನದಂತೆ ಅಡ್ಡಬಿದ್ದಿರುವುದು ಕಣ್ಣಿಗೆ ಬಂತು. ಹೆಸರು ಹೋಗುವುದಕ್ಕಿಂತ ಅದು ಕಷ್ಟವೆನ್ನಿಸಿತು. ಈ ಲೆಕ್ಕ ತಿಳಿಯಲು ಅವನಿಗೆ ಒಂದು ವಾರ ಬೇಕಾಗಿತ್ತು.

ಬುಧವಾರ ಬೆಳಿಗ್ಗೆ ಸಂಘದ ಕೋಣೆಗೆ ಹೋದ. ಕಾರ್ಯದರ್ಶಿ, ಅಧ್ಯಕ್ಷರು ಇಬ್ಬರೂ ಇದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಕಿವಿಯಲ್ಲ, ಬೀಗ. ತಾನಲ್ಲ, ಹೆಂಡತಿ. ಹೇಳಿ ಮುಗಿಸುವ ಹೊತ್ತಿಗೆ ಬೆವೆತಿದ್ದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

“ಅಯ್ಯೋ ಕಿವಿಯಣ್ಣ, ಅಷ್ಟು ದೊಡ್ಡ ಇಂಜಿನ್ನನ್ನ ಒಂದು ಬೀಗ ಓಡಿಸುತ್ತಾ? ಹೆದರಿಕೆಗೆ ಏನೇನೋ ಹೇಳ್ತಿದ್ದೀಯಪ್ಪ. ಹೋಗು, ಒಂದು ಲೋಟ ಮಜ್ಜಿಗೆ ಕುಡಿದು ಮಲಗು.”

“ವಯಸ್ಸು ಸಾರ್,” ಎಂದ ಕಾರ್ಯದರ್ಶಿ ಮರುಕದಿಂದ.

ಇಪ್ಪತ್ತೆರಡು ವರ್ಷ ಅವನ ಸುಳ್ಳನ್ನು ಊರೆಲ್ಲ ನಂಬಿತ್ತು. ಮೊದಲ ಸಲ ನಿಜ ಹೇಳಿದಾಗ ಕೇಳಿದ ಇಬ್ಬರೂ ನಂಬಲಿಲ್ಲ. ಗಿರಣಿಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ತಕ್ಕಡಿಯ ಬಟ್ಟಲು ಒರೆಸುತ್ತಲೇ ಕೇಳಿಸಿಕೊಂಡಳು.

“ನಿಜ ಹೇಳಿದ್ರಲ್ಲ, ಅಷ್ಟು ಸಾಕು. ಇನ್ನು ನಾನು ಅವರಿಗೆ ಅರ್ಥವಾಗೋದನ್ನ ಹೇಳ್ತೀನಿ.”

ಸಂಜೆ ಕಾರ್ಯದರ್ಶಿ ಮರುದಿನದ ತಯಾರಿ ನೋಡಲು ಬಂದ. ಕುರ್ಚಿ ಎಲ್ಲಿ ಹಾಕಬೇಕು, ಹೂವಿನ ಕುಂಡ ಎಲ್ಲಿಡಬೇಕು ಎಂದೆಲ್ಲ ತೋರಿಸಿದ. ಅವಳು ಮೆಲ್ಲಗೆ ಕೇಳಿದಳು:

“ಸಾಹೇಬ್ರು ಸಾಮಾನಿನ ರಿಜಿಸ್ಟರ್ ಕೇಳಿದರೆ?”

ಕಾರ್ಯದರ್ಶಿಯ ಕೈ ಕುಂಡದ ಮೇಲೆ ನಿಂತಿತು.

“ಬೀಗ ಒಡೆಸಬೇಕಾಗುತ್ತೆ,” ಎಂದ.

“ಒಡೆಯೋಕೆ ಆಗುತ್ತಾ? ಸಂಘದ ಬೀಗ. ರಿಜಿಸ್ಟರಲ್ಲಿ ಇದೆ ಅಂದ್ರಿ.”

“ಹೌದು… ಒಡೀಬೇಕಾದರೆ ಮಂಡಳಿ ಒಪ್ಪಿಗೆ ಬೇಕು. ಒಪ್ಪಿಗೇನ ರಿಜಿಸ್ಟರಲ್ಲಿ ಬರೀಬೇಕು.”

“ರಿಜಿಸ್ಟರ್ ಒಳಗಿದೆ.”

“ಒಳಗಿದೆ,” ಎಂದ ಕಾರ್ಯದರ್ಶಿ. ಹೂವಿನ ಕುಂಡದ ಪಕ್ಕದಲ್ಲೇ ಕೂತುಬಿಟ್ಟ.

ಅವಳು ಅವನಿಗೆ ನೀರು ಕೊಟ್ಟು, ಕುಡಿಯುವವರೆಗೆ ಕಾದಳು.

“ಬಾಗಿಲಿನ ಸರಪಳಿ, ಚೌಕಟ್ಟಿನ ಕೊಂಡಿ, ಇವು ನಿಮ್ಮ ಪಟ್ಟೀಲಿ ಇವೆಯಾ?”

“ಇಲ್ಲ. ಅವು ಕಟ್ಟಡಕ್ಕೆ ಸೇರಿದ್ದು.”

“ಹಾಗಾದರೆ ಬೀಗ ಮುಟ್ಟೋದು ಬೇಡ. ಕೊಂಡೀನ ಕಿತ್ತರೆ ಬಾಗಿಲು ತೆರೆಯುತ್ತೆ. ಸರಪಳಿ ಮೊಳೇನೂ ಕಿತ್ತರೆ ಬೀಗ ಇಡಿಯಾಗಿ ಕೈಗೆ ಬರುತ್ತೆ, ಒಂದು ಗೀರೂ ಬೀಳಲ್ಲ.”

ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. ಕಿವಿಯಣ್ಣ ಮೊಳೆ ಕೀಳುವ ಇಕ್ಕಳ ತಂದ. ನಾಲ್ಕು ಎಳೆತಕ್ಕೆ ಕೊಂಡಿ, ಆರು ಎಳೆತಕ್ಕೆ ಸರಪಳಿಯ ಮೊಳೆ. ಬೀಗ, ಸರಪಳಿ, ಕೊಂಡಿ ಮೂರೂ ಒಂದಕ್ಕೊಂದು ಸಿಕ್ಕಿಕೊಂಡಂತೆಯೇ ಕೆಳಗೆ ಬಂದವು. ಕಾರ್ಯದರ್ಶಿ ಒಳಗೆ ಓಡಿ ರಿಜಿಸ್ಟರನ್ನು ಎದೆಗೊತ್ತಿಕೊಂಡ.

“ಇದನ್ನ ಈಗ ಎಲ್ಲಿಡೋದು?” ಎಂದಳು ಅವಳು, ಬೀಗದ ಗೊಂಚಲನ್ನು ಎತ್ತಿ ಹಿಡಿದು. “ಬಾಗಿಲಿಗೆ ಹಾಕೋಕೆ ಕೊಂಡಿ ಇಲ್ಲ. ನೆಲದ ಮೇಲೆ ಬಿದ್ದಿದ್ದರೆ ಸಾಹೇಬ್ರು ನೋಡ್ತಾರೆ. ಇಂಜಿನ್ ಸರಳಿಗೆ ತೂಗಲಾ?”

“ಅನ್ಯ ವಸ್ತು ತೂಗಬಾರದು ಅಂತ—”

“ಕಲ್ಲು ಅನ್ಯ. ಇದು ಸಂಘದ್ದೇ. ನೀವೇ ಗುರುತು ಹಾಕಿದ್ದೀರಿ.”

ಕಾರ್ಯದರ್ಶಿ ರಿಜಿಸ್ಟರ್ ತೆರೆದು ನೋಡಿದ. ಗುರುತು ಇತ್ತು. “ಅನ್ಯ ಅಲ್ಲ,” ಎಂದು ಒಪ್ಪಿ ಹೊರಟುಹೋದ.

ಕಿವಿಯಣ್ಣ ಮರುದಿನ ಹೊತ್ತು ಮೂಡುವ ಮುಂಚೆ ಬಂದು ಇಂಜಿನ್ ಶುರುಮಾಡಿದ. ಸರಳಿನ ಮೇಲೆ ಬೀಗ ಕೂತು ಕೂತು ಸವೆದ ಹಳೆಯ ಗುರುತಿತ್ತು, ಅಲ್ಲಿಗೇ ತೂಗಿದ. ಇಂಜಿನ್ ಓಟ ಕಿತ್ತಿತು. ಗೋಡೆಯ ಸುಣ್ಣ ಉದುರಿತು. ಹೆಂಡತಿ ಬಾಗಿಲಿಗೆ ಓಡಿಬಂದಳು.

“ಏನಾಯ್ತು?”

“ಭಾರ ಹೆಚ್ಚಾಯ್ತು ಕಣೆ! ಸರಪಳಿ, ಕೊಂಡಿ ಸೇರಿದೆಯಲ್ಲ. ಎಣ್ಣೆ ಬಾಯಿ ಮುಚ್ಚೋಕೆ ಬಿಡ್ತಾ ಇಲ್ಲ.”

“ಸರಪಳಿ ಕತ್ತರಿಸೋಣವಾ?”

“ಯಾವುದರಲ್ಲಿ? ಗರಗಸ ಇರೋದು ಪೇಟೇಲಿ.”

ಅವನು ಗೊಂಚಲನ್ನು ಸರಳಿನ ಬುಡದ ಕಡೆಗೆ ಒಂದು ಬೆರಳು ಸರಿಸಿದ. ಬುಡಕ್ಕೆ ಬಂದಷ್ಟೂ ಜಗ್ಗುವ ಬಲ ಕಡಿಮೆ. ತಕ್ಕಡಿ ಹಿಡಿಯುವವಳ ಗಂಡನಿಗೆ ಅಷ್ಟು ಗೊತ್ತಿತ್ತು. ಓಟ ಇಳಿಯಿತು. ಇನ್ನೊಂದು ಬೆರಳು ಸರಿಸಿದ, ದಮ್ಮು ಕಾಣಿಸಿತು. ಅರ್ಧ ಬೆರಳು ಹಿಂದೆ. ಹೆಂಡತಿ ಕಲ್ಲಿಗೆ ಒಂದು ಸೇರು ಕಾಳು ಹಾಕಿದಳು, ನಿಲ್ಲಿಸಿದಳು, ಮತ್ತೆ ಹಾಕಿದಳು. ಕಣ್ಣಿಗೆ ಏನೂ ತಿಳಿಯುವಂತಿರಲಿಲ್ಲ. ಗುಂಡುಗಳು ಬರೀ ಒಂದು ಕಪ್ಪು ಬಳೆಯಂತೆ ಕಾಣುತ್ತಿದ್ದವು. ಕಿವಿಯಣ್ಣ ಬಲಗಿವಿಯನ್ನು ಇಂಜಿನ್ನಿನ ಮೈಗೆ ಕೊಟ್ಟ, ಕಣ್ಣು ಮುಚ್ಚಿದ. ಬಾಗಿಲಲ್ಲಿ ಯಾರೂ ಇರಲಿಲ್ಲ, ಹೆಂಡತಿಯನ್ನು ಬಿಟ್ಟು.

ಡುಗ್ ಡುಗ್ ಡುಗ್. ಹೊರೆ ಬಿದ್ದಾಗ ಎಲ್ಲೋ ಒಂದು ಬಡಿತ ಸಣ್ಣಗೆ ಎಡವುತ್ತಿತ್ತು. ಕೂದಲೆಳೆಯಷ್ಟು ಒಳಗೆ. ಇನ್ನೂ ಎಡವಿತು. ಇನ್ನೊಂದು ಕೂದಲೆಳೆ. ಹೊರೆ ಬಂತು, ಹೋಯಿತು, ಮತ್ತೆ ಬಂತು. ಬಡಿತ ಎಡವಲಿಲ್ಲ. ಅವನು ಕಣ್ಣು ತೆರೆಯದೆ ಕೈಚಾಚಿದ. ಹೆಂಡತಿ ಸರಪಳಿ ಜಾರದಂತೆ ಸುತ್ತಲು ತನ್ನ ತಕ್ಕಡಿಯ ತಂತಿಯ ತುಂಡೊಂದನ್ನು ಆ ಕೈಗಿಟ್ಟಳು.

“ಈಗ ಅವರು ಇಟ್ಟ ಹೆಸರು ಸರಿಹೋಯ್ತು,” ಎಂದಳು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಅದು ಕೇಳಿಸಲಿಲ್ಲ; ಅವಳಿದ್ದದ್ದು ಎಡಗಿವಿಯ ಕಡೆ.

ಹತ್ತು ಗಂಟೆಗೆ ಬರಬೇಕಾದ ಸಾಹೇಬರು ಹನ್ನೆರಡಕ್ಕೆ ಬಂದರು. ಮೂಟೆ ಜೋಳ ಕಲ್ಲಿಗಿಳಿಯಿತು. ಹಿಟ್ಟು ಮೊದಲ ಬೊಗಸೆಯಿಂದ ಕೊನೆಯ ಬೊಗಸೆಯವರೆಗೆ ಒಂದೇ ಹದವಾಗಿ ಬಿತ್ತು. ಜೋಳದ ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ, “ಮೊಮ್ಮಕ್ಕಳಿಗೇ,” ಎಂದಳು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಗುಂಡಿನ ಮುಂದೆ ನಿಂತರು.

“ಇದೇನು, ಬೀಗ, ಸರಪಳಿ?”

ಕಿವಿಯಣ್ಣ ಬಾಯಿ ತೆರೆದ. ಇವತ್ತು ನಿಜ ಹೇಳಲು ಅವನಿಗೆ ಏನೂ ಕಷ್ಟವಿರಲಿಲ್ಲ. ಆದರೆ ಕಾರ್ಯದರ್ಶಿ ಮುಂದೆ ಬಂದಾಗಿತ್ತು.

“ಭದ್ರತೆಗೆ ಸಾರ್. ವೇಗ ನಿಯಂತ್ರಿಸೋ ಭಾಗ ಅಲ್ವಾ? ಯಾರೂ ಕೈಹಾಕಬಾರದು ಅಂತ ಬೀಗದ ವ್ಯವಸ್ಥೆ ಮಾಡಿದ್ದೀವಿ.”

ಸಾಹೇಬರ ಮುಖ ಅರಳಿತು. “ಭೇಷ್! ಎಲ್ಲೂ ಕಂಡಿರಲಿಲ್ಲ ಇಂಥದ್ದು. ಕೀಲಿಕೈ ಯಾರ ಹತ್ತಿರ ಇರುತ್ತೆ?”

“ಅಧ್ಯಕ್ಷರ ಹತ್ತಿರ ಸಾರ್.”

ಅಧ್ಯಕ್ಷರು ಬೆಚ್ಚಿಬಿದ್ದು, ಆಮೇಲೆ ಗಂಭೀರವಾಗಿ ಜೇಬನ್ನು ಎರಡು ಸಲ ತಟ್ಟಿ ತೋರಿಸಿದರು.

ಇಂಜಿನ್ ಉಳಿಯಿತು. ಹಗ್ಗ, ಲಾರಿ, ಮೋಟಾರಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಉಗ್ರಾಣದ ಬಾಗಿಲು ಮಾತ್ರ ಬೀಗವಿಲ್ಲದೆ, ಈಗ ಕೊಂಡಿಯೂ ಇಲ್ಲದೆ, ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕಿವಿಯಣ್ಣನ ಹೆಂಡತಿ ಅದಕ್ಕೊಂದು ಕಲ್ಲು ಒತ್ತಿಟ್ಟಳು. ಬಾಗಿಲಿಗೆ ಅನ್ಯ ವಸ್ತುವಿನ ನಿಷೇಧವಿರಲಿಲ್ಲ.

ಒಂದು ತಿಂಗಳಿಗೆ ಮೇಲಿನ ಕಚೇರಿಯಿಂದ ಎಲ್ಲ ಗಿರಣಿಗಳಿಗೂ ಸುತ್ತೋಲೆ ಹೋಯಿತು. ಇಂಜಿನ್ನಿನ ವೇಗ ನಿಯಂತ್ರಿಸುವ ಭಾಗಕ್ಕೆ ಕಡ್ಡಾಯವಾಗಿ ಸರಪಳಿ ಸಹಿತ ಬೀಗ ಹಾಕತಕ್ಕದ್ದು, ಕೀಲಿಕೈ ಅಧ್ಯಕ್ಷರ ವಶದಲ್ಲಿರತಕ್ಕದ್ದು. ಅದಾದ ಐದನೆಯ ದಿನ ಪಕ್ಕದೂರಿನ ಗಿರಣಿಯವನು ಸೈಕಲ್ ತುಳಿದುಕೊಂಡು ಬಂದ. ಷರಟು ಬೆವರಿಗೆ ಬೆನ್ನಿಗಂಟಿತ್ತು.

“ಅಣ್ಣಾ, ಒಂದ್ಸಲ ಬಂದು ಕಿವಿ ಕೊಡಣ್ಣ. ಚೆನ್ನಾಗಿದ್ದ ಇಂಜಿನ್ನು. ಬೀಗ ಹಾಕಿದಾಗಿಂದ ನಿಲ್ಲಿಸೋಕೇ ಆಗ್ತಿಲ್ಲ, ಹುಚ್ಚು ಹಿಡಿದ ಹಾಗೆ ಓಡುತ್ತೆ.”

“ಬೀಗ ಹೇಗೆ ಹಾಕಿದ್ದೀರಿ?”

“ಸುತ್ತೋಲೇಲಿ ಇದ್ದ ಹಾಗೆ. ಸರಳನ್ನ ಮರದ ಕಂಬಕ್ಕೆ ಸೇರಿಸಿ, ಸರಪಳಿ ಮೂರು ಸುತ್ತು ಬಿಗಿದು, ಕಂಬಕ್ಕೆ ಹೊಡೆದ ಕೊಂಡೀಲಿ ಬೀಗ.”

“ಬಿಚ್ಚಬೇಕಿತ್ತಲ್ಲ!”

“ಕೀಲಿಕೈ ಅಧ್ಯಕ್ಷರ ಹತ್ತಿರ. ಅವರು ಮಗಳ ಊರಿಗೆ ಹೋಗಿದ್ದಾರೆ.”

ಕಿವಿಯಣ್ಣ ಎದ್ದು ಟೋಪಿ ಇಟ್ಟುಕೊಂಡು ಸೈಕಲ್ಲಿನ ಹಿಂದೆ ಕೂರಲು ಹೋದ. ಹೆಂಡತಿ ತಕ್ಕಡಿ ಬಿಟ್ಟು ಬಾಗಿಲಿಗೆ ಬಂದು, “ರೀ, ನಿಲ್ಲಿ,” ಎಂದು ಕೂಗಿದಳು. ಕೈಯಲ್ಲಿ ಮೊಳೆ ಕೀಳುವ ಇಕ್ಕಳವಿತ್ತು.

“ಕಿವಿ ಹೇಗೂ ಜೊತೇಲೇ ಇರುತ್ತೆ,” ಎಂದಳು. “ಇದನ್ನ ಮರೀಬೇಡಿ.”